ಹೊಸಬರಿಗೆ ಮಾರ್ಗದರ್ಶಿ: ಅಟ್ಲಾಂಟಾದ ಕಪ್ಪು ವರ್ತಕರನ್ನು ಪರಿಚಯ ಮಾಡಿಕೊಳ್ಳಿ

ಬಾಡಿಗೆ ಮನೆ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ವಾಹನ ಚಾಲನಾ ಪರವಾನಗಿ, ಮಕ್ಕಳ ಶಾಲೆ ಇವೆಲ್ಲ ಮಾರ್ಗದರ್ಶಿಯ ಮೊದಲ ಭಾಗದಲ್ಲಿವೆ. ಈ ಭಾಗ ಅಟ್ಲಾಂಟಾ ಊರಿನ ಮತ್ತು ಅಲ್ಲಿನ ಕಪ್ಪು ವರ್ತಕರ ಬಗ್ಗೆ. ಉತ್ತರದ ಉಪನಗರಗಳಾದ ಆಲ್ಫರೆಟ್ಟಾ, ಕಮ್ಮಿಂಗ್, ಜಾನ್ಸ್ ಕ್ರೀಕ್, ಸುವಾನಿಯಲ್ಲಿ ನೆಲೆಸುವ ನಮ್ಮ ಕುಟುಂಬಗಳು ಮನೆಯ ಹಿರಿಯರಿಗೆ ಫೋನಿನಲ್ಲಿ ‘ಅಟ್ಲಾಂಟಾದಲ್ಲಿದ್ದೇವೆ’ ಎನ್ನುತ್ತವೆ. ಆದರೆ ಅಟ್ಲಾಂಟಾ ನಗರ ಅವರ ಕಣ್ಣಿಗೆ ಬೀಳುವುದು ವಿಮಾನ ನಿಲ್ದಾಣಕ್ಕೆ ಹೋಗುವಾಗ, ಹೆದ್ದಾರಿಯ ಮೇಲಿನಿಂದ ಮಾತ್ರ. ಬಂದ ವಾರವೇ ಯಾರಾದರೂ ‘285ರ (ನಗರವನ್ನು ಸುತ್ತುವರಿಯುವ ಹೆದ್ದಾರಿ) ಒಳಗೆ, ಅದರಲ್ಲೂ ದಕ್ಷಿಣದ ಕಡೆಗೆ ಹೋಗಬೇಡಿ’ ಎಂದು ಬುದ್ಧಿ ಹೇಳಿರುತ್ತಾರೆ. ನನಗೂ ಹೇಳಿದ್ದರು. ಹಾಗೆ ಹೇಳಿದವರಲ್ಲಿ ಒಬ್ಬರೂ ಆ ಕಡೆಗೆ ಹೋದವರಾಗಿರಲಿಲ್ಲ.

ದಯವಿಟ್ಟು ಈ ಮಾತನ್ನು ನಿಮ್ಮ ನಂತರ ಬರುವವರಿಗೆ ದಾಟಿಸಬೇಡಿ. ಯಾವುದೇ ದೊಡ್ಡ ಊರಿನಲ್ಲಿ ಇರುವಷ್ಟು ಎಚ್ಚರ ಇರಲಿ, ಕಾರಿನ ಸೀಟಿನ ಮೇಲೆ ಚೀಲ ಬಿಟ್ಟು ಇಳಿಯಬೇಡಿ. ಅಷ್ಟು ಸಾಕು.

ನೀವು ಬಂದಿಳಿದ ನಿಲ್ದಾಣ

ನೀವು ಪೆಟ್ಟಿಗೆಗಳೊಂದಿಗೆ ಬಂದಿಳಿದ ಹಾರ್ಟ್ಸ್‌ಫೀಲ್ಡ್-ಜಾಕ್ಸನ್ ನಿಲ್ದಾಣದ ಹೆಸರಿನಲ್ಲಿರುವ ಜಾಕ್ಸನ್ ಎಂದರೆ ಮೇನಾರ್ಡ್ ಜಾಕ್ಸನ್. 1973ರಲ್ಲಿ ಗೆದ್ದು ಅಟ್ಲಾಂಟಾದ ಮೊದಲ ಕಪ್ಪು ಮೇಯರ್ ಆದವರು. ಹೊಸ ಟರ್ಮಿನಲ್ ಕಟ್ಟುವಾಗ ಗುತ್ತಿಗೆಗಳಲ್ಲಿ ಶೇ. 25ರಷ್ಟು ಪಾಲು ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಸಿಗಲೇಬೇಕೆಂದು ಅವರು ಹಠ ಹಿಡಿದರು. ಊರಿನ ದೊಡ್ಡ ವ್ಯಾಪಾರಿಗಳು ಸಿಟ್ಟಾದರೂ ಜಗ್ಗಲಿಲ್ಲ. 1980ರಲ್ಲಿ ಟರ್ಮಿನಲ್ ತೆರೆದಾಗ ಅದರ ಹಿಂದೆ ಕಪ್ಪು ಗುತ್ತಿಗೆದಾರರ ದುಡಿಮೆ ಇತ್ತು.

ಅವರಲ್ಲಿ ಹರ್ಮನ್ ರಸೆಲ್ ಒಬ್ಬರು. ಗೋಡೆಗೆ ಗಾರೆ ಹಚ್ಚುವ ಕೆಲಸದವರ ಮಗ. ಹದಿನಾರನೆಯ ವಯಸ್ಸಿನಲ್ಲಿ ತಾನು ದುಡಿದು ಉಳಿಸಿದ 125 ಡಾಲರ್ ಕೊಟ್ಟು ಖಾಲಿ ನಿವೇಶನ ಕೊಂಡು, ಗೆಳೆಯರನ್ನು ಸೇರಿಸಿಕೊಂಡು ಅದರಲ್ಲಿ ಎರಡು ಸಂಸಾರಗಳ ಮನೆ ಕಟ್ಟಿ, ಅದರ ಬಾಡಿಗೆಯಲ್ಲಿ ಟಸ್ಕೀಗಿ ಕಾಲೇಜು ಓದಿದರು. 1952ರಲ್ಲಿ ಶುರುವಾದ ಅವರ ಕಟ್ಟಡ ಸಂಸ್ಥೆ ದೇಶದ ದೊಡ್ಡ ಕಪ್ಪು ಉದ್ಯಮಗಳಲ್ಲಿ ಒಂದಾಯಿತು. ಅವರ ಹೆಸರಿನ ರಸೆಲ್ ಕೇಂದ್ರ ಈಗ ಕ್ಯಾಸಲ್‌ಬೆರಿ ಹಿಲ್‌ನಲ್ಲಿ ಸಣ್ಣ ಕಪ್ಪು ಉದ್ಯಮಿಗಳಿಗೆ ತರಬೇತಿ ಮತ್ತು ಕೆಲಸದ ಜಾಗ ಒದಗಿಸುತ್ತಿದೆ. ಸ್ವಂತ ವ್ಯಾಪಾರದ ಆಸೆ ಇರುವ ನಮ್ಮ ಯುವಕ ಯುವತಿಯರು ಈ ಮನುಷ್ಯನ ಬಗ್ಗೆ ಓದಲೇಬೇಕು.

ಆಬರ್ನ್ ಅವೆನ್ಯೂ

ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಮನೆ ಇರುವ ಬೀದಿ ಎಂದು ಎಲ್ಲರಿಗೂ ಗೊತ್ತು. ಅತಿಥಿಗಳು ಬಂದಾಗ ಕರೆದುಕೊಂಡು ಹೋಗಿ, ಅಲ್ಲಿರುವ ಗಾಂಧೀಜಿಯ ಪ್ರತಿಮೆಯ ಮುಂದೆ ನಿಂತು ಫೋಟೋ ತೆಗೆಸಿ, ತಿರುಗಿ ಬರುತ್ತೇವೆ. ಅದೇ ಬೀದಿ ಒಂದು ಕಾಲದಲ್ಲಿ ಅಮೆರಿಕದ ಕಪ್ಪು ಜನರ ವ್ಯಾಪಾರದ ಹೆಬ್ಬೀದಿಯಾಗಿತ್ತು ಎಂಬುದನ್ನು ಮಕ್ಕಳಿಗೆ ಹೇಳುವುದೇ ಇಲ್ಲ.

1906ರ ಸೆಪ್ಟೆಂಬರಿನಲ್ಲಿ ಬಿಳಿಯರ ಗುಂಪುಗಳು ನಗರದ ಮಧ್ಯದಲ್ಲಿ ಕಪ್ಪು ಜನರನ್ನು ಕೊಂದು, ಅವರ ಅಂಗಡಿಗಳನ್ನು ಒಡೆದವು. ಕಪ್ಪು ಜನರನ್ನು ಬಿಳಿಯರಿಂದ ಬೇರೆಯಿಡುವ ಪ್ರತ್ಯೇಕತೆಯ ಕಾನೂನುಗಳೂ ಬಿಗಿಯಾಗುತ್ತಿದ್ದ ಆ ಕಾಲದಲ್ಲಿ ಕಪ್ಪು ವರ್ತಕರು ಆಬರ್ನ್ ಬೀದಿಯಲ್ಲಿ ಒಟ್ಟುಗೂಡಿದರು. ಬ್ಯಾಂಕು, ವಿಮೆ, ಔಷಧದಂಗಡಿ, ಪತ್ರಿಕೆ ಎಲ್ಲವನ್ನೂ ತಾವೇ ಕಟ್ಟಿಕೊಂಡರು. 1949ರಲ್ಲಿ ದೇಶದ ಮೊದಲ ಕಪ್ಪು ಒಡೆತನದ ರೇಡಿಯೋ ಕೇಂದ್ರ ಡಬ್ಲ್ಯುಇಆರ್‌ಡಿ ನೆಲೆಯೂರಿದ್ದು ಇಲ್ಲಿಯೇ.

ಇವರಲ್ಲಿ ನನಗೆ ಅತ್ಯಂತ ಗೌರವವಿರುವುದು ಅಲೊಂಜೊ ಹರ್ನ್ಡನ್ ಮೇಲೆ. 1858ರಲ್ಲಿ ಗುಲಾಮರಾಗಿ ಹುಟ್ಟಿದವರು, ಕ್ಷೌರ ಕಲಿತು ಪೀಚ್‌ಟ್ರೀ ಬೀದಿಯಲ್ಲಿ ಊರಿಗೇ ಹೆಸರಾದ ಅಂಗಡಿ ನಡೆಸಿದರು. ಆ ದಿನಗಳಲ್ಲಿ ಚರ್ಚುಗಳ ಸುತ್ತ ಸಣ್ಣ ಪರಸ್ಪರ ಸಹಾಯ ಸಂಘಗಳಿದ್ದವು. ವಾರಕ್ಕಿಷ್ಟು ಪುಡಿಗಾಸು ಕಟ್ಟಿದರೆ ಕಾಯಿಲೆ ಬಿದ್ದಾಗ, ಸತ್ತಾಗ ನೆರವು ಸಿಗುತ್ತಿತ್ತು. 1905ರಲ್ಲಿ ಜಾರ್ಜಿಯಾ ಸರ್ಕಾರ ಇಂಥ ಸಂಘಗಳು 5,000 ಡಾಲರ್ ಠೇವಣಿ ಇಡಬೇಕೆಂದು ಕಾನೂನು ಮಾಡಿತು. ಇಬ್ಬರು ಪಾದ್ರಿಗಳು ನಡೆಸುತ್ತಿದ್ದ ಸಂಘಕ್ಕೆ ಅಷ್ಟು ಹಣ ಎಲ್ಲಿಂದ ಬರಬೇಕು? ಹರ್ನ್ಡನ್ 140 ಡಾಲರ್ ಕೊಟ್ಟು ಸಂಘವನ್ನು ಕೊಂಡು, ಠೇವಣಿಯನ್ನೂ ತಾವೇ ಕಟ್ಟಿದರು. ಅದು ಮುಂದೆ ಅಟ್ಲಾಂಟಾ ಲೈಫ್ ಎಂಬ ದೊಡ್ಡ ವಿಮಾ ಸಂಸ್ಥೆಯಾಗಿ ಬೆಳೆಯಿತು. 1910ರಲ್ಲಿ ಕಟ್ಟಿ ಮುಗಿಸಿದ ಅವರ ಮನೆ ಇಂದಿಗೂ ನಿಂತಿದೆ.

1956ರಲ್ಲಿ ಫಾರ್ಚ್ಯೂನ್ ಪತ್ರಿಕೆ ಆಬರ್ನ್ ಅನ್ನು ಜಗತ್ತಿನಲ್ಲೇ ಅತ್ಯಂತ ಶ್ರೀಮಂತವಾದ ಕಪ್ಪು ಜನರ ಬೀದಿ ಎಂದು ಕರೆಯಿತು. ನಂತರ ಹೆದ್ದಾರಿಯನ್ನು ಇದೇ ಬೀದಿಯ ನಡುವೆ ಹಾಯಿಸಲಾಯಿತು. ನಾವು ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡು ಗೊಣಗುವ ಡೌನ್‌ಟೌನ್ ಕನೆಕ್ಟರ್ ಅದೇ. ಅಂಗಡಿಗಳು, ಮನೆಗಳು ನೆಲಸಮವಾದವು, ಗಿರಾಕಿಗಳು ಚದುರಿದರು. ಬೀದಿಯ ಕೆಲವು ಭಾಗಗಳು ಇಂದು ಬಿಕೋ ಎನ್ನುವುದನ್ನು ನೋಡಿ ‘ಇವರಿಗೆ ಊರನ್ನು ಇಟ್ಟುಕೊಳ್ಳಲು ಬರುವುದಿಲ್ಲ’ ಎಂದು ನಮ್ಮವರು ಹೇಳಿದ್ದನ್ನು ಕೇಳಿದ್ದೇನೆ. ಹೇಳುವ ಮುನ್ನ ತಲೆಯೆತ್ತಿ ಆ ಹೆದ್ದಾರಿಯನ್ನು ನೋಡಬೇಕಿತ್ತು.

ಕ್ರೆಡಿಟ್ ಇತಿಹಾಸ ಮತ್ತು ಒಂದು ಬ್ಯಾಂಕು

ಇದನ್ನು ಗಮನವಿಟ್ಟು ಓದಿ. ನಾನು ಬಂದ ಹೊಸತರಲ್ಲಿ ಒಳ್ಳೆಯ ಸಂಬಳವಿತ್ತು, ಬೆಂಗಳೂರಿನಲ್ಲಿ ಎಲ್ಲ ಸಾಲವನ್ನೂ ಹೊತ್ತಿಗೆ ಸರಿಯಾಗಿ ತೀರಿಸಿದ ದಾಖಲೆಗಳಿದ್ದವು. ಆದರೆ ಈ ದೇಶದಲ್ಲಿ ಸಾಲ ತೀರಿಸಿದ ದಾಖಲೆ, ಅಂದರೆ ಕ್ರೆಡಿಟ್ ಇತಿಹಾಸ, ಇಲ್ಲವೆಂದು ಇಲ್ಲಿನ ಬ್ಯಾಂಕೊಂದು ಕ್ರೆಡಿಟ್ ಕಾರ್ಡ್ ಕೊಡಲು ಒಪ್ಪಲಿಲ್ಲ. ಕಾರಿನ ಸಾಲಕ್ಕೆ ವಿಪರೀತ ಬಡ್ಡಿ ಹೇಳಿದರು. ಅಪಾರ್ಟ್‌ಮೆಂಟಿನವರು ಹೆಚ್ಚುವರಿ ಮುಂಗಡ ಕೇಳಿದರು. ಕಾಗದದ ಮೇಲೆ ನಾನು ಯಾರೂ ಅಲ್ಲ ಎನಿಸಿಕೊಂಡ ಆ ನೋವು ಇನ್ನೂ ಆರಿಲ್ಲ. ನಿಮಗೂ ಹೀಗೇ ಆಗುತ್ತದೆ, ಆದ್ದರಿಂದ ಮೊದಲ ತಿಂಗಳಿನಿಂದಲೇ ಹೀಗೆ ಮಾಡಿ. ಠೇವಣಿ ಇಟ್ಟು ಪಡೆಯುವ ಸೆಕ್ಯೂರ್ಡ್ ಕಾರ್ಡ್ ಒಂದನ್ನು ತೆಗೆದುಕೊಳ್ಳಿ. ದಿನಸಿ, ಪೆಟ್ರೋಲಿನಂಥ ಸಣ್ಣ ಖರ್ಚಿಗೆ ಮಾತ್ರ ಬಳಸಿ, ಮಿತಿಯ ಶೇ. 30ನ್ನು ದಾಟಬೇಡಿ. ಗಡುವಿಗೆ ಮೊದಲೇ ಪೂರ್ತಿ ಬಾಕಿ ಕಟ್ಟಿ, ಕನಿಷ್ಠ ಮೊತ್ತ ಕಟ್ಟಿ ಸುಮ್ಮನಾಗಬೇಡಿ. ಕ್ರೆಡಿಟ್ ಸ್ಕೋರ್ (ಸಾಲ ಕೊಡುವವರು ನೋಡುವ ಅಂಕ) ಮೂಡಲು ಸುಮಾರು ಆರು ತಿಂಗಳು ಹಿಡಿಯುತ್ತದೆ. ಒಂದೇ ವಾರದಲ್ಲಿ ನಾಲ್ಕಾರು ಕಡೆ ಕಾರ್ಡಿಗೆ ಅರ್ಜಿ ಹಾಕಬೇಡಿ. ಹಳೆಯ ಕಾರ್ಡನ್ನು ಮುಚ್ಚಬೇಡಿ. ಸಾಧ್ಯವಾದರೆ ಮನೆಯವರ ಹೆಸರನ್ನೂ ಕಾರ್ಡಿಗೆ ಸೇರಿಸಿ. ಕೆಲಸವಿಲ್ಲವೆಂದು ಮಡದಿಯ ಹೆಸರನ್ನು ಎಲ್ಲ ಖಾತೆಗಳಿಂದ ಹೊರಗಿಡುವ ನಮ್ಮ ಅಭ್ಯಾಸ ಇಲ್ಲಿ ಅವರಿಗೆ ದೊಡ್ಡ ಅನ್ಯಾಯ.

ನಮ್ಮ ಈ ಕಷ್ಟ ಒಂದೆರಡು ವರ್ಷಗಳಲ್ಲಿ ಕಳೆಯುತ್ತದೆ. ಇಲ್ಲಿನ ಕಪ್ಪು ಕುಟುಂಬಗಳಿಗೆ ತಲೆಮಾರುಗಳೇ ಕಳೆದರೂ ಬ್ಯಾಂಕಿನ ಬಾಗಿಲು ತೆರೆಯಲಿಲ್ಲ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೇ ನಗರಗಳ ನಕ್ಷೆ ಮಾಡಿಸಿ, ಅವರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು ಸಾಲಕ್ಕೆ ಅಪಾಯದ ಜಾಗ ಎಂದು ಗುರುತಿಸಿತು. ಎಷ್ಟೇ ದುಡಿದರೂ, ಎಷ್ಟೇ ಪ್ರಾಮಾಣಿಕರಾದರೂ ಮನೆಸಾಲ ಹುಟ್ಟುತ್ತಿರಲಿಲ್ಲ. ಹೀಗೆ ಹೊರಗಿಟ್ಟವರಿಗಾಗಿಯೇ 1921ರಲ್ಲಿ ಹೀಮನ್ ಪೆರಿ ಎಂಬ ಉದ್ಯಮಿ ಸಿಟಿಜನ್ಸ್ ಟ್ರಸ್ಟ್ ಬ್ಯಾಂಕ್ ಸ್ಥಾಪಿಸಿದ್ದರು. ಪೆರಿಯವರ ವಿಮಾ ಕಂಪನಿ ಕೆಲವೇ ವರ್ಷಗಳಲ್ಲಿ ಕುಸಿಯಿತು, ಬ್ಯಾಂಕು ಮಾತ್ರ ಮಹಾ ಆರ್ಥಿಕ ಕುಸಿತವನ್ನೂ ದಾಟಿ ಉಳಿಯಿತು. ಇಂದೂ ನಡೆಯುತ್ತಿದೆ. ಸಾಲದ ಅರ್ಜಿ ತಿರಸ್ಕೃತವಾದ ನೋವು ಬಲ್ಲ ನಾವು ಒಂದು ಉಳಿತಾಯ ಖಾತೆಯನ್ನು ಅಲ್ಲಿ ತೆರೆದರೆ ಆ ಹಣ ಈ ಊರಿನ ಸಣ್ಣ ಅಂಗಡಿಗಳಿಗೂ ಮನೆಗಳಿಗೂ ಸಾಲವಾಗಿ ಹೋಗುತ್ತದೆ. ಬೇರೆಲ್ಲ ಬ್ಯಾಂಕುಗಳಂತೆ ಅಲ್ಲಿಯೂ 2,50,000 ಡಾಲರ್‌ವರೆಗಿನ ಠೇವಣಿಗೆ ಎಫ್‌ಡಿಐಸಿ ಎಂಬ ಸರ್ಕಾರಿ ಸಂಸ್ಥೆಯ ವಿಮೆ ಇದೆ.

ಇನ್ನೊಂದು ಮಾತು. ನಮ್ಮಂಥವರು ಈ ದೇಶಕ್ಕೆ ದೊಡ್ಡ ಸಂಖ್ಯೆಯಲ್ಲಿ ಬರಲು ದಾರಿಯಾದದ್ದು 1965ರ ವಲಸೆ ಕಾಯ್ದೆ. ಕಪ್ಪು ಜನರ ಹಕ್ಕಿನ ಹೋರಾಟ ದೇಶದ ಮನಸ್ಸನ್ನು ಕಲಕಿರದಿದ್ದರೆ ಮೂಲದೇಶ ನೋಡಿ ಜನರನ್ನು ತಡೆಯುವ ಹಳೆಯ ಕೋಟಾ ಆಗ ಹೋಗುತ್ತಿರಲಿಲ್ಲ. ನಾವೆಲ್ಲ ಕಷ್ಟಪಟ್ಟು ಓದಿ ಬಂದವರೇ, ಅದರ ಹೆಮ್ಮೆ ಇರಲಿ. ಬಾಗಿಲು ತೆರೆಸಿದವರ ನೆನಪೂ ಇರಲಿ.

ಊಟ

ಪ್ಯಾಸ್ಕಲ್ಸ್ ಉಪಾಹಾರ ಗೃಹವನ್ನು ಜೇಮ್ಸ್ ಮತ್ತು ರಾಬರ್ಟ್ ಪ್ಯಾಸ್ಕಲ್ ಎಂಬ ಅಣ್ಣತಮ್ಮಂದಿರು 1947ರಲ್ಲಿ ತೆರೆದರು. ಮೊದಲಿಗೆ ಅಂಗಡಿಯಲ್ಲಿ ಒಲೆಯೇ ಇರಲಿಲ್ಲ. ಮನೆಯಲ್ಲಿ ಬೇಯಿಸಿ ಟ್ಯಾಕ್ಸಿಯಲ್ಲಿ ತರಿಸುತ್ತಿದ್ದರು. ಕಿಂಗ್ ಮತ್ತು ಸಂಗಡಿಗರು ಹೋರಾಟದ ಸಭೆಗಳನ್ನು ಅಲ್ಲಿಯೇ ನಡೆಸುತ್ತಿದ್ದರು. ಹೋರಾಟದಲ್ಲಿ ಬಂಧಿತರಾಗಿ ಜೈಲಿನಿಂದ ಬಿಡುಗಡೆಯಾಗಿ ಬರುವ ವಿದ್ಯಾರ್ಥಿಗಳಿಗೆ ಅಣ್ಣತಮ್ಮಂದಿರು ರಾತ್ರಿಯಲ್ಲಿಯೂ ಬಾಗಿಲು ತೆರೆದು ಪುಕ್ಕಟೆ ಊಟ ಹಾಕಿದರು. ಈಗ ಅದು ನಾರ್ತ್‌ಸೈಡ್ ಡ್ರೈವ್‌ನಲ್ಲಿದೆ. ಅದೇ 1947ರಲ್ಲಿ ಲೂಸಿ ಜಾಕ್ಸನ್ ತೆರೆದ ಬಿಸಿ ಬೀ ಕೆಫೆಗೆ 2022ರಲ್ಲಿ ಅಮೆರಿಕದ ಅಡುಗೆ ಲೋಕದಲ್ಲಿ ಹೆಸರಾದ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನದ ಗೌರವ ಸಂದಿದೆ. ಎರಡೂ ಕಡೆ ಕೋಳಿ ಹುರಿಯುವುದೇ ಖ್ಯಾತಿ, ಮಾಂಸಾಹಾರಿಗಳು ತಪ್ಪಿಸಬೇಡಿ.

ಸಸ್ಯಾಹಾರಿಗಳಿಗೆ ಎಚ್ಚರಿಕೆ: ಕೊಲಾರ್ಡ್ ಸೊಪ್ಪನ್ನು ಸಾಮಾನ್ಯವಾಗಿ ಹೊಗೆಯಾಡಿಸಿದ ಟರ್ಕಿ ಅಥವಾ ಹಂದಿಮಾಂಸದ ಜತೆ ಬೇಯಿಸುತ್ತಾರೆ. ‘ಇದು ತರಕಾರಿಯೇ?’ ಎಂದು ಕೇಳಿದರೆ ‘ಹೌದು’ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಬೇಯಿಸಿದ ನೀರಿನಲ್ಲಿ ಮಾಂಸವಿತ್ತೇ ಎಂದು ಕೇಳಿ. ಕಾರ್ನ್‌ಬ್ರೆಡ್‌ನಲ್ಲಿ ಮೊಟ್ಟೆ ಇರುತ್ತದೆ, ಕೆಲವೆಡೆ ಹಂದಿಯ ಕೊಬ್ಬೂ ಇರುತ್ತದೆ. ನಿಶ್ಚಿಂತೆಯಿಂದ ತಿನ್ನಲು ವೆಸ್ಟ್ ಎಂಡ್ ಬಡಾವಣೆಗೆ ಹೋಗಿ. ಸೋಲ್ ವೆಜಿಟೇರಿಯನ್, ಟಸೀಲೀಸ್ ರಾ ರಿಯಾಲಿಟಿ ಎಂಬ ಅಂಗಡಿಗಳಲ್ಲಿ ಮಾಂಸ, ಹಾಲು, ಮೊಟ್ಟೆ ಯಾವುದನ್ನೂ ಬಳಸುವುದಿಲ್ಲ. ಅತ್ತೆ ಮಾವಂದಿರನ್ನೂ ಕರೆದುಕೊಂಡು ಹೋಗಬಹುದು.

ಅವರಿಗೆ ಇದನ್ನೂ ಹೇಳಿ: ಹಳೆಯ ಮೈಸೂರಿನವರ ರಾಗಿ, ಉತ್ತರ ಕರ್ನಾಟಕದವರ ಜೋಳ, ಎಲ್ಲರ ಮನೆಯ ಅಲಸಂದೆ, ಮೂರೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ನಮ್ಮ ನೆಲಕ್ಕೆ ಬಂದ ಬೆಳೆಗಳು. ಇಲ್ಲಿ ಹೊಸ ವರ್ಷದ ದಿನ ಕೈಯಲ್ಲಿ ಕಾಸು ಆಡಲಿ ಎಂದು ಅಲಸಂದೆ ಕಾಳು ಮತ್ತು ಸೊಪ್ಪು ಬೇಯಿಸಿ ತಿನ್ನುತ್ತಾರೆ. ಜೋಳದ ದಂಟಿನ ರಸ ಕಾಯಿಸಿದ ಪಾಕ ಸಿಕ್ಕರೆ ಒಂದು ಬಾಟಲಿ ಕೊಳ್ಳಿ, ನಮ್ಮ ಜೋನಿ ಬೆಲ್ಲದಂತೆ ದೋಸೆಗೆ ಹೊಂದುತ್ತದೆ.

ನಡೆನುಡಿ

ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಶುಭೋದಯವೋ ಹಲೋವೋ ಹೇಳಿ, ಆಮೇಲೆ ಬೆಲೆ ಕೇಳಿ. ನಾವು ನೇರವಾಗಿ ಸಾಮಾನಿನ ಕಡೆ ನಡೆಯುತ್ತೇವೆ, ದಕ್ಷಿಣದ ಈ ಊರಿನಲ್ಲಿ ಅದು ಒರಟುತನ. ಹಿರಿಯರಿಗೆ ಸರ್, ಮ್ಯಾಮ್ ಎನ್ನಿ. ಯಾರ ಕೂದಲನ್ನೂ ಮುಟ್ಟಬೇಡಿ, ಮಕ್ಕಳಿಗೂ ಹೇಳಿಕೊಡಿ. ಕನ್ನಡದಲ್ಲಿ ಆಡಿಕೊಂಡರೆ ತಿಳಿಯುವುದಿಲ್ಲ ಎಂದುಕೊಳ್ಳಬೇಡಿ. ದನಿಯೂ ನೋಟವೂ ಎಲ್ಲವನ್ನೂ ಹೇಳಿಬಿಡುತ್ತವೆ.

ಕೂತು ಊಟ ಮಾಡಿದರೆ ಬಿಲ್ಲಿನ ಶೇ. 18ರಿಂದ 20ರಷ್ಟು ಟಿಪ್ ಕೊಡಿ. ಕ್ಷೌರಿಕರಿಗೂ ಕೊಡಿ. ಶಾಲೆಗಳು ಆಗಸ್ಟ್ ಮೊದಲ ವಾರವೇ ತೆರೆಯುತ್ತವೆ. ಅದಕ್ಕೆ ಮುಂಚೆ ಎಷ್ಟೋ ಕ್ಷೌರದಂಗಡಿಗಳು ಬಡಾವಣೆಯ ಮಕ್ಕಳಿಗೆ ಉಚಿತವಾಗಿ ಕೂದಲು ಕತ್ತರಿಸುತ್ತವೆ. ರಕ್ತದೊತ್ತಡ ಪರೀಕ್ಷೆ, ಮತದಾರರ ನೋಂದಣಿ ನಡೆಯುವುದೂ ಅಲ್ಲಿಯೇ. ದುಡಿದು ತಿನ್ನುವ ಸಣ್ಣ ಅಂಗಡಿಯೊಂದು ಇಷ್ಟನ್ನು ಮಾಡುವಾಗ, ಡಾಲರ್ ಎರಡು ಡಾಲರಿಗೆ ಚೌಕಾಸಿ ಮಾಡುವುದು ನಮಗೆ ಶೋಭೆಯಲ್ಲ.

ಯುಗಾದಿಗೆ, ರಾಜ್ಯೋತ್ಸವಕ್ಕೆ ಕೇಕು, ಧ್ವನಿವರ್ಧಕ, ಛಾಯಾಗ್ರಹಣ ಬೇಕಾದಾಗ ಕಪ್ಪು ವರ್ತಕರಲ್ಲಿಯೂ ದರ ಕೇಳಿ. ಒಪ್ಪಿದ ದರವನ್ನು ಕಾರ್ಯಕ್ರಮದ ದಿನವೇ ಪೂರ್ತಿ ಕೊಡಿ. ‘ನಮ್ಮದು ಲಾಭಕ್ಕಲ್ಲದ ಸಂಘ’ ಎಂದು ಕೊನೆಯ ಗಳಿಗೆಯಲ್ಲಿ ಕಡಿಮೆ ಮಾಡಿಸಬೇಡಿ. ಅವರ ಮನೆಯ ಬಾಡಿಗೆ ಆ ಹಣದಿಂದಲೇ ಹೋಗಬೇಕು.

ಮೊದಲ ಸುತ್ತಿಗೆ

- ಸ್ವೀಟ್ ಆಬರ್ನ್ ಕರ್ಬ್ ಮಾರುಕಟ್ಟೆ, ಎಜ್‌ವುಡ್ ಅವೆನ್ಯೂ: 1924ರ ಕಟ್ಟಡ. ಪ್ರತ್ಯೇಕತೆಯ ಕಾಲದಲ್ಲಿ ಕಪ್ಪು ವ್ಯಾಪಾರಿಗಳು ಹೊರಗೆ ರಸ್ತೆಯ ಅಂಚಿನಲ್ಲಿ ಮಾತ್ರ ಮಾರಬಹುದಿತ್ತು. ಒಳಗೆ ಮಾಂಸದ ಅಂಗಡಿಗಳಿವೆ.
- ಆಬರ್ನ್ ಅವೆನ್ಯೂ ಸಂಶೋಧನಾ ಗ್ರಂಥಾಲಯ: ಪ್ರವೇಶ ಉಚಿತ.
- ಎಪೆಕ್ಸ್ ಮ್ಯೂಸಿಯಂ: ಕಪ್ಪು ಜನರ ಇತಿಹಾಸದ ಸಂಗ್ರಹಾಲಯ.
- ವೆಸ್ಟ್ ಎಂಡ್‌ನಲ್ಲಿ ಶ್ರೈನ್ ಆಫ್ ದ ಬ್ಲ್ಯಾಕ್ ಮಡೋನಾ ಪುಸ್ತಕದಂಗಡಿ.

ಕಾರು ಬೇಡವೆಂದರೆ ನಾರ್ತ್ ಸ್ಪ್ರಿಂಗ್ಸ್‌ನಲ್ಲಿ ನಿಲ್ಲಿಸಿ ಊರಿನ ಸಾರ್ವಜನಿಕ ಸಾರಿಗೆಯಾದ ಮಾರ್ಟಾದ ಕೆಂಪು ಮಾರ್ಗದ ರೈಲು ಹತ್ತಿ. ವೆಸ್ಟ್ ಎಂಡ್‌ಗೆ ಅದೇ ರೈಲು ಹೋಗುತ್ತದೆ. ಆಬರ್ನ್ ಕಡೆಗೆ ಫೈವ್ ಪಾಯಿಂಟ್ಸ್‌ನಲ್ಲಿ ಬದಲಿಸಿ, ಪೂರ್ವಕ್ಕೆ ಹೋಗುವ ರೈಲಿನಲ್ಲಿ ಕಿಂಗ್ ಮೆಮೋರಿಯಲ್‌ನಲ್ಲಿ ಇಳಿಯಿರಿ. ಭಾನುವಾರ ಕೆಲವು ಅಂಗಡಿಗಳು ಮುಚ್ಚಿರುತ್ತವೆ, ತೆರೆದಿರುವ ಊಟದ ಮನೆಗಳಲ್ಲಿ ಚರ್ಚು ಬಿಟ್ಟ ಮೇಲೆ ಉದ್ದನೆಯ ಸಾಲು ಇರುತ್ತದೆ. ಶನಿವಾರ ಬೆಳಿಗ್ಗೆ ಹೊರಡುವುದು ಒಳ್ಳೆಯದು. ಸಣ್ಣ ಅಂಗಡಿಗಳ ವೇಳೆ ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ಫೋನ್ ಮಾಡಿ ಕೇಳಿಕೊಳ್ಳಿ. ಒಬ್ಬರೇ ಹೋಗಲು ಅಳುಕಿದ್ದರೆ ನಮ್ಮ ಕನ್ನಡ ಕೂಟದ ಸ್ವಯಂಸೇವಕರಿಗೆ ತಿಳಿಸಿ, ನಾವು ಜತೆಗೆ ಬರುತ್ತೇವೆ.