ಕೆಳದಿಯಿಂದ ಕವಲೇದುರ್ಗಕ್ಕೆ: ಅರಸರು ಹಿಂದೆ ಸರಿದ ದಾರಿಯಲ್ಲಿ ಒಂದು ದಿನದ ಸೈಕಲ್ ಸವಾರಿ

ಕೆಳದಿಯ ನಾಯಕರು ತಮ್ಮ ರಾಜಧಾನಿಯನ್ನು ಮೊದಲು ಕೆಳದಿಯಿಂದ ಇಕ್ಕೇರಿಗೂ, 17ನೇ ಶತಮಾನದಲ್ಲಿ ವಿಜಾಪುರದ ದಾಳಿಯ ಬಳಿಕ ಇಕ್ಕೇರಿಯಿಂದ ಬಿದನೂರಿಗೂ ಸಾಗಿಸಿದರು. ಪ್ರತಿ ಸಲವೂ ಅವರು ಗುಡ್ಡಗಳ ನಡುವೆ ಇನ್ನಷ್ಟು ಒಳಕ್ಕೆ ಸರಿದರು. ಈ ಸವಾರಿಯ ಕಷ್ಟವೂ ಅದೇ ಕ್ರಮದಲ್ಲಿ ಏರುತ್ತದೆ. ಶತ್ರುವಿನ ಕುದುರೆಗಳನ್ನು ದಣಿಸಲೆಂದು ಆರಿಸಿಕೊಂಡ ನೆಲವು ಸೈಕಲ್ ತುಳಿಯುವವನ ತೊಡೆಗಳಿಗೆ ರಿಯಾಯಿತಿ ತೋರುವುದಿಲ್ಲ.

ಸಾಗರದಿಂದ ಹೊರಟು ಕೆಳದಿ, ಇಕ್ಕೇರಿ, ಹೊಸನಗರ, ನಗರ, ಕವಲೇದುರ್ಗಗಳನ್ನು ನೋಡಿಕೊಂಡು ತೀರ್ಥಹಳ್ಳಿ ಸೇರುವುದಕ್ಕೆ, ಸುತ್ತುಬಳಸುಗಳೂ ಸೇರಿ, ಸುಮಾರು 120 ಕಿಲೋಮೀಟರ್ ಆಗುತ್ತದೆ. ಬಯಲುಸೀಮೆಯ ಹೆದ್ದಾರಿಯಲ್ಲಿ ಇಷ್ಟು ದೂರವನ್ನು ಐದು ಗಂಟೆಯಲ್ಲಿ ಮುಗಿಸುವವರೂ ಇಲ್ಲಿಗೆ ಇಡೀ ಹಗಲನ್ನು ಮೀಸಲಿಡಬೇಕು. ಆಗುಂಬೆಯ ಹದಿನಾಲ್ಕು ತಿರುವುಗಳಂತೆ ಎದೆಯೊಡ್ಡಿ ನಿಲ್ಲುವ ಒಂದೇ ಘಾಟಿ ಈ ದಾರಿಯಲ್ಲಿಲ್ಲ. ಇಲ್ಲಿರುವುದು ದಿಬ್ಬ, ಇಳಿತ, ಹಳ್ಳ, ಮೋರಿ, ಮತ್ತೆ ದಿಬ್ಬ. ಘಾಟಿಯಲ್ಲಾದರೆ ಒಂದು ಲಯ ಹಿಡಿದು ಹತ್ತಬಹುದು. ಇಲ್ಲಿ ಲಯ ಕೂಡುವಷ್ಟರಲ್ಲಿ ಏರು ಮುಗಿದಿರುತ್ತದೆ, ಉಸಿರು ಮರಳುವಷ್ಟರಲ್ಲಿ ಮುಂದಿನ ಏರು ಎದುರಾಗುತ್ತದೆ. ಮುಂದೆ ಏರಿದೆಯೇ ಎಂದು ಊರವರನ್ನು ಕೇಳಿದರೆ, "ಇಲ್ಲ ಮಾರಾಯ್ರೆ, ಸಣ್ಣ ದಿಬ್ಬ ಅಷ್ಟೆ" ಎಂಬ ಉತ್ತರ ಬರುತ್ತದೆ. ಅವರು ಬೈಕಿನ ಮೇಲಿನಿಂದ ಹೇಳುತ್ತಿದ್ದಾರೆ ಎಂಬುದನ್ನು ಮರೆಯಬಾರದು.

ಸೈಕಲ್ಲಿನಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಗೇರುಗಳನ್ನು. ಮುಂದಿನ ಚಿಕ್ಕ ಚಕ್ರಕ್ಕೆ 39 ಹಲ್ಲುಗಳೂ ಹಿಂದಿನ ಅತಿ ದೊಡ್ಡ ಚಕ್ರಕ್ಕೆ 25 ಹಲ್ಲುಗಳೂ ಇದ್ದರೆ, ಪೆಡಲ್ಲಿನ ಒಂದು ಸುತ್ತಿಗೆ ಸೈಕಲ್ ಮೂರು ಮೀಟರಿಗಿಂತ ಹೆಚ್ಚು ಮುಂದೆ ಹೋಗಬೇಕಾಗುತ್ತದೆ. ಕಡಿದಾದ ಏರಿನಲ್ಲಿ ಹಾಗೆ ತಳ್ಳುವುದೆಂದರೆ ಮಂಡಿಯ ಮೇಲೆ ಭಾರ ಹೇರಿದಂತೆಯೇ. ಮುಂದೆ 34, ಹಿಂದೆ 34 ಹಲ್ಲುಗಳಿದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಗಾಲಿಯೂ ಒಂದೇ ಸುತ್ತು ತಿರುಗಿ, ಸುಮಾರು 2.1 ಮೀಟರ್ ಮಾತ್ರ ಸಾಗುತ್ತದೆ. ನಿಮಿಷಕ್ಕೆ 70 ಸುತ್ತು ತುಳಿದರೂ ಗಂಟೆಗೆ 9 ಕಿಲೋಮೀಟರ್ ದಾಟದ ಆ ವೇಗವನ್ನು ಕಂಡು ನಾಚಬೇಕಾಗಿಲ್ಲ, ಏಕೆಂದರೆ ಸಂಜೆ ಕವಲೇದುರ್ಗದ ಹತ್ತಿರವೂ ಅದೇ ವೇಗದಲ್ಲಿ ತುಳಿಯುವ ಕಸುವು ಕಾಲಿನಲ್ಲಿ ಉಳಿದಿರುತ್ತದೆ. ಟೈರು 28 ಮಿಲಿಮೀಟರಿಗಿಂತ ಸಪೂರವಾಗಿರದಿದ್ದರೆ ಒಳ್ಳೆಯದು. ಡಾಂಬರು ಕಿತ್ತು ಜಲ್ಲಿ ಎದ್ದ ಕಡೆ ಆ ಅಗಲ ಸಹಾಯಕ್ಕೆ ಬರುತ್ತದೆ. ಗಾಳಿಯನ್ನು ಕಲ್ಲಿನಂತೆ ಗಟ್ಟಿಯಾಗುವವರೆಗೆ ತುಂಬಬಾರದು. ಎರಡು ಟ್ಯೂಬು, ಪಂಕ್ಚರ್ ಸಾಮಾನು, ಕೈಪಂಪು, ಚೈನ್ ತುಂಡಾದರೆ ಜೋಡಿಸುವ ಕೊಂಡಿ, ಹಿಂದೆ ಮುಂದೆ ದೀಪ ಇವಿಷ್ಟು ಜೊತೆಗಿರಲಿ. ದಾರಿಯ ಊರುಗಳಲ್ಲಿ ಸಾದಾ ಸೈಕಲ್ಲಿನ ರಿಪೇರಿ ಆದೀತು, ರೋಡ್ ಸೈಕಲ್ಲಿನ ಬಿಡಿಭಾಗ ಸಿಗುತ್ತದೆಂದು ನಂಬಿ ಹೊರಡಬಾರದು.

ಕಾಲ ಮುಖ್ಯ. ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಭಾಗದಲ್ಲಿ ಸುರಿಯುವುದು ರೈನ್‌ಕೋಟಿನಿಂದ ತಡೆಯಬಹುದಾದ ಮಳೆಯಲ್ಲ. ಮರದ ನೆರಳಿನ ರಸ್ತೆಯಂಚಿನಲ್ಲಿ ಪಾಚಿ ಕಟ್ಟುತ್ತದೆ, ಟ್ಯೂಬು ಬದಲಿಸಲು ಹುಲ್ಲಿನಲ್ಲಿ ಕುಳಿತರೆ ಉಂಬಳ ಹತ್ತುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳು ಹದವಾದವು. ಆಗ ಬೆಳಿಗ್ಗೆ ಮಂಜು ಇರುತ್ತದೆಯಾದ್ದರಿಂದ, ದೀಪ ಹಚ್ಚಿಕೊಂಡೇ ಹೊರಡಬೇಕು. ಅದು ಅಡಿಕೆ ಕೊಯ್ಲಿನ ಕಾಲವೂ ಹೌದು. ಗೊನೆ ತುಂಬಿದ ವಾಹನಗಳು ಒಳದಾರಿಗಳಿಂದ ಸದ್ದಿಲ್ಲದೆ ರಸ್ತೆಗೆ ಬರುತ್ತವೆ. ಅಲ್ಲಲ್ಲಿ ಬಿದ್ದ ಅಡಿಕೆ ಸಿಪ್ಪೆ ಇಬ್ಬನಿಗೆ ನೆನೆದು ಸಪೂರ ಟೈರಿನಡಿ ಸಾಬೂನಿನಂತೆ ಜಾರುತ್ತದೆ.

ಬೆಂಗಳೂರಿನ ಕಡೆಯಿಂದ ಬರುವವರಿಗೆ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಅನುಕೂಲಕರ. ಸಾಗರದ ನಿಲ್ದಾಣದ ಹೆಸರು ಸಾಗರ ಜಂಬಗಾರು. ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿಸಲು ಸಮಯ ಹಿಡಿಯುವುದರಿಂದ ನಿಲ್ದಾಣಕ್ಕೆ ಬೇಗ ಹೋಗಬೇಕು.

ಸಾಗರದಿಂದ ಕೆಳದಿಗೆ ಸುಮಾರು 8 ಕಿಲೋಮೀಟರ್. ಈ ತುಂಡನ್ನು ಕಾಲು ಬೆಚ್ಚಗಾಗಿಸಿಕೊಳ್ಳುವುದಕ್ಕೆಂದೇ ಇಟ್ಟುಕೊಂಡು, ಮಾತನಾಡುತ್ತ ತುಳಿಯುವಷ್ಟು ನಿಧಾನವಾಗಿ ಸಾಗಬೇಕು. ಅಲ್ಲಿ ರಾಮೇಶ್ವರ ಮತ್ತು ವೀರಭದ್ರ ದೇವಾಲಯಗಳು ಒತ್ತಾಗಿ ನಿಂತಿವೆ. ವೀರಭದ್ರನ ಗುಡಿಯ ಒಳಛಾವಣಿಯಲ್ಲಿ ಗಂಡಭೇರುಂಡದ ಕೆತ್ತನೆಯಿದೆ. ಹೆಲ್ಮೆಟ್ ತೆಗೆದು, ಕತ್ತು ಎತ್ತಿ ನೋಡಬೇಕು. ಹ್ಯಾಂಡಲ್ಲಿನ ಮೇಲೆ ಬಾಗಿ ಬಂದ ಬೆನ್ನಿಗೆ ಅದೊಂದು ಒಳ್ಳೆಯ ವ್ಯಾಯಾಮವೂ ಆಗುತ್ತದೆ. ಮರಳಿ ಸಾಗರಕ್ಕೆ ಬಂದು ತಿಂಡಿ ಮುಗಿಸಿ ಇಕ್ಕೇರಿಗೆ ಹೊರಟರೆ, ಆರೇಳು ಕಿಲೋಮೀಟರಿನೊಳಗೆ ಅಘೋರೇಶ್ವರನ ದೊಡ್ಡ ಕಲ್ಲುಗುಡಿ ಎದುರಾಗುತ್ತದೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಲ್ಲಿಗೆ ಬಂದಾಗ ಇದು ರಾಜಧಾನಿಯಾಗಿತ್ತು. ಇಂದು ಗುಡಿಯ ಸುತ್ತ ಇರುವುದು ಒಂದು ಶಾಂತವಾದ ಹಳ್ಳಿ. ಇಲ್ಲಿಂದ ಹೊಸನಗರದ ರಸ್ತೆ ಸೇರಲು ಫೋನಿನ ನಕ್ಷೆಯನ್ನಷ್ಟೇ ನಂಬದೆ ಊರವರನ್ನೊಮ್ಮೆ ಕೇಳಬೇಕು. ನಕ್ಷೆಗೆ ಡಾಂಬರು ರಸ್ತೆಯೂ ತೋಟದ ದಾರಿಯೂ ಒಂದೇ. ಮುಂದೆ ಹಲವೆಡೆ ನೆಟ್‌ವರ್ಕ್ ಇರುವುದಿಲ್ಲವಾದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು.

ಹೊಸನಗರದವರೆಗಿನ ದಾರಿ ಆಸೆ ಹುಟ್ಟಿಸುವಂಥದ್ದು. ಏರುಗಳು ಗಿಡ್ಡ, ಕಾಲಿನಲ್ಲಿ ಇನ್ನೂ ಕಸುವಿದೆ, ಇಳಿತದ ಓಟವನ್ನೇ ಬಳಸಿಕೊಂಡು ಮುಂದಿನ ದಿಬ್ಬದ ಅರ್ಧವನ್ನು ದಾಟಿಬಿಡಬಹುದು. ನಾನು ಕೆಟ್ಟದ್ದು ಇಲ್ಲಿಯೇ. ಮೊದಲ ಸಲ ಪ್ರತಿ ದಿಬ್ಬದಲ್ಲೂ ಸೀಟಿನಿಂದ ಎದ್ದು ನಿಂತು ತುಳಿದು, ಹೊಸನಗರದಲ್ಲಿ ಹಸಿವಿಲ್ಲವೆಂದು ಬರೀ ಚಹಾ ಕುಡಿದು ಮುಂದುವರಿದೆ. ನಗರಕ್ಕೆ ನಾಲ್ಕೈದು ಕಿಲೋಮೀಟರ್ ಇದೆ ಎನ್ನುವಾಗ ಎರಡೂ ತೊಡೆಗಳು ಒಟ್ಟಿಗೆ ಹಿಡಿದುಕೊಂಡವು. ಸೈಕಲ್ಲಿನಿಂದ ಇಳಿಯಲೂ ಆಗದೆ ಮೈಲಿಗಲ್ಲನ್ನು ಅಪ್ಪಿಕೊಂಡು ನಿಂತಿದ್ದ ನನಗೆ, ದನ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜಿಯೊಬ್ಬರು ಮನೆಗೆ ಕರೆದು ಉಪ್ಪು ಹಾಕಿದ ಮಜ್ಜಿಗೆ ಕೊಟ್ಟರು. "ಬಸ್ಸಿತ್ತಲ್ಲ ತಮ್ಮಾ" ಎಂದರು. ಆಮೇಲೆ ನಾನು ಪಾಲಿಸುತ್ತ ಬಂದಿರುವ ಕ್ರಮ ಇದು: ಹಸಿವಿರಲಿ ಬಿಡಲಿ, ಅರ್ಧ ಗಂಟೆಗೊಮ್ಮೆ ಒಂದು ಬಾಳೆಹಣ್ಣನ್ನೋ ಒಂದು ತುಂಡು ಚಿಕ್ಕಿಯನ್ನೋ ತಿನ್ನುವುದು, ಗಂಟೆಗೆ ಅರ್ಧ ಲೀಟರಿಗೆ ಕಡಿಮೆಯಿಲ್ಲದಂತೆ ನೀರು ಕುಡಿಯುವುದು, ಅದರಲ್ಲಿ ಎರಡನೆಯ ಬಾಟಲಿಗೆ ಚಿಟಿಕೆ ಉಪ್ಪು, ಸ್ವಲ್ಪ ಬೆಲ್ಲ ಮತ್ತು ಲಿಂಬೆರಸ ಬೆರೆಸುವುದು, ಹೊಸನಗರ ದಾಟುವವರೆಗೆ ಯಾವ ಏರಿನಲ್ಲೂ ಸೀಟು ಬಿಟ್ಟು ಏಳದಿರುವುದು. ಊಟವನ್ನು ಹೊಸನಗರದಲ್ಲೇ ಮಾಡುವುದು ಲೇಸು, ಆದರೆ ಹೊಟ್ಟೆ ಬಿರಿಯುವಷ್ಟಲ್ಲ.

ಹೊಸನಗರದಿಂದ ನಗರಕ್ಕೆ ಸುಮಾರು 17 ಕಿಲೋಮೀಟರ್. ಕಾಡು ರಸ್ತೆಯ ಹತ್ತಿರಕ್ಕೆ ಬರುತ್ತದೆ, ತಿರುವುಗಳು ಬಿಗಿಯಾಗುತ್ತವೆ, ಏರುಗಳು ಉದ್ದವಾಗುತ್ತವೆ. ಏರಿನ ಬುಡ ತಲುಪುವ ಮೊದಲೇ ಗೇರ್ ಇಳಿಸಬೇಕು. ಅರ್ಧ ಹತ್ತಿ ಕಾಲು ಸೋತ ಮೇಲೆ ಬದಲಿಸಲು ಹೋದರೆ, ಪೂರ್ತಿ ಭಾರ ಹೊತ್ತ ಚೈನು ಕಟಕಟ ಸದ್ದು ಮಾಡಿ ಕಳಚಿಕೊಳ್ಳಬಹುದು. ಇಳಿತದಲ್ಲಿ ಎರಡೂ ಬ್ರೇಕುಗಳನ್ನು ತಿರುವಿನ ಮೊದಲು ಒತ್ತಿ ವೇಗ ತಗ್ಗಿಸಿ, ತಿರುವಿನೊಳಗೆ ಸಡಿಲಿಸಬೇಕು. ಹೊರಗಿನ ಪಾದ ಕೆಳಗಿರಬೇಕು, ಕಣ್ಣು ತಿರುವು ಮುಗಿಯುವ ಕಡೆಗಿರಬೇಕು. ಇಲ್ಲಿನ ಖಾಸಗಿ ಬಸ್ಸುಗಳ ಚಾಲಕರಿಗೆ ಪ್ರತಿ ತಿರುವೂ ಬಾಯಿಪಾಠ. ಅವರು ಹಾರ್ನ್ ಹೊಡೆದು ಬಂದೇ ಬರುತ್ತಾರೆ. ಆದ್ದರಿಂದ ತಿರುವನ್ನು ಕತ್ತರಿಸಿ ಬಲಕ್ಕೆ ಹೋಗುವ ಚಪಲ ಬೇಡ.

ನಗರವೆಂದರೆ ಹಳೆಯ ಬಿದನೂರು. ಶಿವಪ್ಪನಾಯಕನ ಕಾಲದಲ್ಲಿ ಮೆರೆದ ಈ ಪಟ್ಟಣವನ್ನು 1763ರಲ್ಲಿ ಹೈದರಾಲಿ ಗೆದ್ದು ಹೈದರನಗರವೆಂದು ಕರೆದ. ಮುಂದಿನ ಅರ್ಧ ಅಳಿದು ನಗರ ಮಾತ್ರ ಉಳಿಯಿತು. ಕೋಟೆ ರಸ್ತೆಯ ಬದಿಯಲ್ಲೇ ಇದೆ. ಸೈಕಲ್ಲಿಗೆ ಬೀಗ ಹಾಕಿ ಮೇಲೆ ಹತ್ತಿದರೆ, ಇಷ್ಟು ಹೊತ್ತು ಶಾಪ ಹಾಕುತ್ತ ತುಳಿದ ಗುಡ್ಡಗಳು ಸುತ್ತಲೂ ಕೋಟೆಗೆ ಇನ್ನೊಂದು ಗೋಡೆಯಂತೆ ನಿಂತಿರುವುದು ಕಾಣುತ್ತದೆ. ಇಲ್ಲಿ ಗಡಿಯಾರ ನೋಡಿಕೊಳ್ಳಬೇಕು. ಮಧ್ಯಾಹ್ನ ಎರಡು ಗಂಟೆ ದಾಟಿದ್ದರೆ ಕವಲೇದುರ್ಗದ ಮೇಲೆ ಹತ್ತುವ ಯೋಚನೆ ಬಿಟ್ಟು ನೇರ ತೀರ್ಥಹಳ್ಳಿಗೆ ಸಾಗುವುದೇ ಸರಿ, ಏಕೆಂದರೆ ಚಳಿಗಾಲದಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗಿದರೂ ಮರಗಳ ಕೆಳಗೆ ಅದಕ್ಕೂ ಮೊದಲೇ ಕತ್ತಲು ಕವಿಯುತ್ತದೆ.

ಸಮಯವಿದ್ದವರು ಮುಖ್ಯರಸ್ತೆ ಬಿಟ್ಟು ಕವಲೇದುರ್ಗದ ಕಡೆ ತಿರುಗಬಹುದು. ಇದರ ಹಳೆಯ ಹೆಸರು ಭುವನಗಿರಿ. ಸೈಕಲ್ ಊರಿನವರೆಗೆ ಮಾತ್ರ. ಮುಂದೆ ಗದ್ದೆಯ ಅಂಚಿನಿಂದ ಕಲ್ಲು ಹಾಸಿದ ದಾರಿಯಲ್ಲಿ ನಡೆದು, ಒಂದರ ಹಿಂದೊಂದು ನಿಂತ ಕೋಟೆಯ ಬಾಗಿಲುಗಳನ್ನು ದಾಟಿ ಕಾಶೀ ವಿಶ್ವನಾಥನ ಗುಡಿ ತಲುಪಬೇಕು. ಪೆಡಲ್ಲಿಗೆ ಕಚ್ಚಿಕೊಳ್ಳುವ ಶೂಗಳನ್ನು ಹಾಕಿಕೊಂಡು ಈ ಕಲ್ಲುಗಳ ಮೇಲೆ ಕಾಲಿಟ್ಟವರು ಜಾರುವುದು ಖಂಡಿತ. ಹಿಂಜೇಬಿನಲ್ಲಿ ತೆಳುವಾದ ಚಪ್ಪಲಿಯೊಂದನ್ನು ಮಡಚಿ ಇಟ್ಟುಕೊಂಡಿರಬೇಕು, ಇಲ್ಲವೇ ಬರಿಗಾಲಿನಲ್ಲಿ ಹತ್ತಬೇಕು.

ಅಲ್ಲಿಂದ ತೀರ್ಥಹಳ್ಳಿಗೆ 20 ಕಿಲೋಮೀಟರಿನೊಳಗೆ. ಬ್ರೇಕ್ ಒತ್ತಿ ಒತ್ತಿ ಬೆರಳುಗಳು ಸೋತಿರುವುದರಿಂದ ಈ ಕೊನೆಯ ಇಳಿತಗಳಲ್ಲಿ ಬೆಳಗಿನ ವೇಗವನ್ನು ನೆನೆಯಬಾರದು. ತೀರ್ಥಹಳ್ಳಿಯಲ್ಲಿ ರೈಲಿಲ್ಲ, ಶಿವಮೊಗ್ಗಕ್ಕೆ ಬಸ್ಸು ಹಿಡಿಯಬೇಕು. ಸೈಕಲ್ಲಿಗೆ ಲಗೇಜು ಎಷ್ಟೆಂದು ಕಂಡಕ್ಟರರ ಬಳಿ ಮೊದಲೇ ಮಾತಾಡಿ, ಮುಂದಿನ ಗಾಲಿ ಬಿಚ್ಚಿ, ಚೈನಿರುವ ಬದಿ ಮೇಲೆ ಬರುವಂತೆ ಮಲಗಿಸಿ, ಅದರ ಮೇಲೆ ಅಡಿಕೆ ಮೂಟೆ ಬೀಳದ ಹಾಗೆ ಶಿವಮೊಗ್ಗದವರೆಗೂ ಒಂದು ಕಣ್ಣಿಟ್ಟಿರಬೇಕು.