ಪೊರೆ ಸಿಕ್ಕರೆ ಜೀರುಂಡೆ ಸಿಕ್ಕಂತೆ

ಕಾಫಿಗೆ ಹೂಮಳೆ ಬಿದ್ದು ಮತ್ತೆ ಬಿಸಿಲೇರಿತೆಂದರೆ ಕೊಡಗಿನ ತೋಟಗಳಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಒಂದು ಮರದಲ್ಲಿ ಶುರುವಾದ ‘ಜೀಂಯ್’ ಕ್ಷಣದಲ್ಲಿ ಇಡೀ ಗುಡ್ಡಕ್ಕೆ ಹಬ್ಬಿರುತ್ತದೆ. ಸದ್ದು ಎಲ್ಲರಿಗೂ ಗೊತ್ತು, ಹುಳುವನ್ನು ಕಂಡವರು ಕಡಿಮೆ. ಹೆಸರಿನದೂ ಗೊಂದಲವೇ: ಜೀರುಂಡೆ ಎಂದರೆ ಕೆಲವರಿಗೆ ದುಂಬಿ, ಕೆಲವರಿಗೆ ರಾತ್ರಿ ಮೂಲೆಯಲ್ಲಿ ಕಿರುಗುಟ್ಟುವ ಚಿಮ್ಮಂಡೆ. ಇಲ್ಲಿ ಹೇಳಹೊರಟಿರುವುದು ಮರದಲ್ಲಿ ಕೂತು ಜೀಂಯ್‌ಗುಡುವ ಆ ಹುಳುವಿನ ಬಗ್ಗೆ, ಇಂಗ್ಲಿಷಿನಲ್ಲಿ ಸಿಕಾಡ.

ಸದ್ದಿನ ಬೆನ್ನು ಹತ್ತಬೇಡಿ, ನೀವು ಹತ್ತಿರವಾದ ಕೂಡಲೇ ಅದು ಬಾಯಿಮುಚ್ಚುತ್ತದೆ. (ಬಾಯಿಂದ ಕೂಗುವುದಿಲ್ಲ, ಆ ಮಾತು ಬೇರೆ.) ಮೊದಲು ಪೊರೆ ಹುಡುಕಿ. ಬೆಳಿಗ್ಗೆ ಹಾಲುವಾಣ, ಹಲಸು, ಸಿಲ್ವರ್ ಓಕ್ ಬುಡಗಳನ್ನು ಸೊಂಟದೆತ್ತರದವರೆಗೆ ನೋಡಿ. ಬೆನ್ನು ಸೀಳಿದ, ಮಣ್ಣು ಮೆತ್ತಿದ, ಏಡಿಯಂಥ ಮುಂಗಾಲಿನ ಕಂದು ಚಿಪ್ಪು ತೊಗಟೆಗೆ ಕಚ್ಚಿಕೊಂಡಿದ್ದರೆ ಅದೇ. ಆ ಮುಂಗಾಲು ಮಣ್ಣು ಅಗೆಯುವುದಕ್ಕೆ. ಮರಿ ನೆಲದಡಿಯಲ್ಲಿ ಬೇರಿನ ರಸ ಹೀರಿ ಬೆಳೆದು, ರಾತ್ರಿ ಮೇಲೆ ಬಂದು ಪೊರೆ ಕಳಚುತ್ತದೆ. ಟಾರ್ಚ್ ಹಿಡಿದು ಹೋದರೆ ಹೊಸ ಹುಳು ತೆಳು ಹಸಿರಾಗಿ, ರೆಕ್ಕೆ ಒಣಗಿಸುತ್ತಾ ಕೂತದ್ದು ಸಿಗಬಹುದು. ಮುಟ್ಟಬೇಡಿ, ರೆಕ್ಕೆ ಸೊಟ್ಟಗಾದರೆ ಅದರ ಕತೆ ಮುಗಿಯಿತು.

ಬೆಳೆದ ಹುಳು ಕಂಡರೆ ತಲೆ ನೋಡಿ. ಎರಡು ದೊಡ್ಡ ಕಣ್ಣು ಎರಡು ಬದಿಗೆ, ನಡುವೆ ಮಣಿಯಂಥ ಇನ್ನೂ ಮೂರು. ಮೀಸೆ ಕೂದಲೆಳೆಯಂತೆ ತೆಳು, ಗಿಡ್ಡ, ಚಿಮ್ಮಂಡೆಯದು ಉದ್ದ. ರೆಕ್ಕೆ ಮನೆಯ ಮಾಡಿನಂತೆ ಇಳಿಜಾರು. ಗಾಜಿನಂತೆ ತಿಳಿಯಾದ ರೆಕ್ಕೆಯವೂ ಇವೆ, ತೊಗಟೆಯಂತೆ ಮಚ್ಚೆ ಮಚ್ಚೆಯಾದವೂ ಇವೆ. ಈ ಎರಡನೆಯವು ಎದುರಲ್ಲೇ ಕೂತಿದ್ದರೂ ಕಾಣುವುದಿಲ್ಲ.

ಗಂಡೋ ಹೆಣ್ಣೋ? ಮೆಲ್ಲಗೆ ಹಿಡಿದಾಗ ಕಿರುಚಿದರೆ ಗಂಡು. ಹೊಟ್ಟೆಯ ಬುಡದ ಎರಡೂ ಬದಿಯಲ್ಲಿ ಬಿಗಿದ ತೆಳು ಪದರವಿದೆ, ಸ್ನಾಯು ಅದನ್ನು ಎಳೆದು ಬಿಟ್ಟಾಗ ‘ಟಕ್’ ಎನ್ನುತ್ತದೆ. ಸೆಕೆಂಡಿಗೆ ನೂರಾರು ಟಕ್ ಸೇರಿದರೆ ನಾವು ಕೇಳುವ ಜೀಂಯ್. ಹೊಟ್ಟೆ ಬಹುಪಾಲು ಟೊಳ್ಳಾದ್ದರಿಂದ ಸದ್ದು ಮೊಳಗುತ್ತದೆ, ಮದ್ದಳೆಯ ಹಾಗೆ. ಹೆಣ್ಣಿಗೆ ಸದ್ದಿಲ್ಲ, ಹೊಟ್ಟೆಯ ತುದಿಯಲ್ಲಿ ಮೊಟ್ಟೆಯಿಡಲು ಎಳೆ ರೆಂಬೆ ಸೀಳುವ ಮೊನೆಯಿದೆ. ಕಚ್ಚುತ್ತದೆಂಬ ಭಯ ಬೇಡ, ಬಾಯಿರುವುದು ರಸ ಹೀರುವ ಕೊಳವೆಯಂತೆ. ಹಾರುವಾಗ ಮೈಮೇಲೆ ಹನಿ ಸಿಡಿಸಿದರೆ ಒರೆಸಿಕೊಳ್ಳಿ. ಹೀರಿದ ರಸದಲ್ಲಿ ನೀರೇ ಹೆಚ್ಚು, ಅದೇ ಹೊರಬಿದ್ದದ್ದು.

‘ಹದಿನೇಳು ವರ್ಷಕ್ಕೊಮ್ಮೆ ಬರುವ ಹುಳು ಇದೇನಾ?’ ಎಂದು ಕೇಳುವವರಿದ್ದಾರೆ. ಅಲ್ಲ. 13 ಮತ್ತು 17 ವರ್ಷದವು ಅಮೆರಿಕದ ಪೂರ್ವ ಭಾಗದವು. ಮೇಘಾಲಯದ ರಿ ಭೋಯ್‌ನಲ್ಲಿ 4 ವರ್ಷಕ್ಕೊಮ್ಮೆ ಏಳುವ ಜಾತಿಯಿದೆ. ನಮ್ಮವು ವರ್ಷವರ್ಷವೂ ಬರುತ್ತವೆ. ಹಾಗೆಂದು ಆಯಸ್ಸು ಒಂದೇ ವರ್ಷವಲ್ಲ. ಇಂಥ ಜೀರುಂಡೆಗಳ ಮರಿ ಸಾಮಾನ್ಯವಾಗಿ ಕೆಲವು ವರ್ಷ ಮಣ್ಣಲ್ಲೇ ಇರುತ್ತದೆ. ಬೇರೆ ಬೇರೆ ವರ್ಷ ಇಟ್ಟ ಮೊಟ್ಟೆಗಳ ಮರಿಗಳು ಸರದಿಯಲ್ಲಿ ಏಳುವುದರಿಂದ ಯಾವ ಬೇಸಿಗೆಯೂ ಖಾಲಿ ಹೋಗುವುದಿಲ್ಲ.

ಗುರುತಿಗೆ ಫೋಟೊ ತೆಗೆಯುವಾಗ ಮೇಲಿನಿಂದ ಒಂದು, ಹೊಟ್ಟೆಯ ಕಡೆಯಿಂದ ಒಂದು ತೆಗೆಯಿರಿ. ಜೊತೆಗೆ ಫೋನಿನಲ್ಲಿ ಅರ್ಧ ನಿಮಿಷ ಸದ್ದನ್ನೂ ಹಿಡಿದಿಡಿ, ಹೊತ್ತು ಬರೆದುಕೊಳ್ಳಿ. ನೋಡಲು ಒಂದೇ ಥರವಿರುವ ಜಾತಿಗಳು ಎಷ್ಟೋ ಸಲ ಬೇರೆಯಾಗುವುದು ಹಾಡಿನಲ್ಲೇ.