ಬಿಸಿಲಿಗೆ ತಾನಾಗೇ ಆಫ್ ಆಗುತ್ತಿದ್ದ ಕಂಪ್ಯೂಟರ್

ಏಪ್ರಿಲ್ ಬಂತೆಂದರೆ ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮನೆಯ ಹಳೆಯ ಡೆಸ್ಕ್‌ಟಾಪ್ ಮಧ್ಯಾಹ್ನ ಹತ್ತು ನಿಮಿಷ ಓಡಿ ತಾನಾಗೇ ಆಫ್ ಆಗತೊಡಗಿತು. ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ, ಅಂದರೆ ಬಯಾಸ್‌ಗೆ ಹೋಗಿ ನೋಡಿದರೆ ಪ್ರೊಸೆಸರ್ 84 ಡಿಗ್ರಿ!

ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಇಳಿಸಿ, ಕ್ಯಾಬಿನೆಟ್ಟನ್ನು ಅಂಗಳಕ್ಕೆ ಒಯ್ದೆ. ಪಕ್ಕದ ಬಾಗಿಲು ತೆಗೆದರೆ ಪ್ರೊಸೆಸರ್‌ನ ಬಿಸಿ ಹೀರುವ ಲೋಹದ ಹೀಟ್‌ಸಿಂಕ್‌ನ ಸಂದುಗಳಲ್ಲಿ ಧೂಳು ಕಂಬಳಿ ಹಾಸಿದ ಹಾಗೆ ಕೂತಿತ್ತು. ಫ್ಯಾನ್ ಎಷ್ಟು ತಿರುಗಿದರೂ ಗಾಳಿಗೆ ದಾರಿಯೇ ಇಲ್ಲ. ಪೇಂಟ್ ಬ್ರಷ್‌ನಿಂದ ಸಡಿಲಿಸಿ, ಬ್ಲೋವರ್‌ನಿಂದ ಊದಿದೆ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಲೇಬೇಕು. ಗಿರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗಬಹುದು.

ಹೀಟ್‌ಸಿಂಕ್ ಬಿಚ್ಚಿದಾಗ, ಪ್ರೊಸೆಸರ್‌ನಿಂದ ಅದಕ್ಕೆ ಬಿಸಿ ದಾಟಿಸುವ ಹಳೆಯ ಥರ್ಮಲ್ ಪೇಸ್ಟ್ ಒಣಗಿದ ಸುಣ್ಣದಂತೆ ಹೆಕ್ಕಳೆ ಕಟ್ಟಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಹಾಕಿದೆ. ಹೆಚ್ಚು ಬಳಿದರೆ ಲಾಭವಿಲ್ಲ.

ಹಿಂದಿನ ಫ್ಯಾನ್ ಬಿಸಿ ಗಾಳಿ ಹೊರಹಾಕುತ್ತಿತ್ತು, ಒಳಗೆ ಗಾಳಿ ಎಳೆಯಲು ಮುಂದೆ ಏನೂ ಇರಲಿಲ್ಲ. ಅಲ್ಲಿ 120 ಮಿ.ಮೀ. ಫ್ಯಾನ್ ಒಂದು ಕೂರಿಸಿದೆ. ಗೋಡೆಗೆ ಆತುಕೊಂಡಿದ್ದ ಕ್ಯಾಬಿನೆಟ್ಟನ್ನು ಒಂದು ಗೇಣು ಈಚೆ ಸರಿಸಿದೆ.

ಈಗ ಬಯಾಸ್‌ನಲ್ಲಿ 58. ನಿನ್ನೆ ಮಗಳ ಆನ್‌ಲೈನ್ ಪಾಠ ಮೂರು ತಾಸು ನಡೆಯಿತು, ಒಮ್ಮೆಯೂ ಆಫ್ ಆಗಲಿಲ್ಲ.